ಜಗಲಿಯ ಮೇಲೆ ತರಕಾರಿ ಪೈರು: ಅಲ್ಪ ಖರ್ಚಿನ ವಿಧಾನ

ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ರೈತರು ಟೊಮೇಟೊ, ಮೆಣಸಿನಕಾಯಿ, ಬದನೆ, ಎಲೆಕೋಸು, ಚೆಂಡು ಹೂ ಮುಂತಾದ ಬೆಳೆಗಳಿಗೆ ಬೇಕಾದ ಪೈರನ್ನು ಈಗ ಬಹುಮಟ್ಟಿಗೆ ನೆರಳುಬಲೆ ನರ್ಸರಿಗಳಿಂದ ಕೊಂಡು ತರುತ್ತಾರೆ. ಹಿಂದೆ ಬಾವಿಯ ಬಳಿ ಒಂದು ಒಟ್ಲು ಪಾತಿ ಇಲ್ಲದ ಹೊಲವೇ ಅಪರೂಪವಾಗಿತ್ತು. ಆ ಪಾತಿಗಳು ಮರೆಯಾದುದಕ್ಕೆ ಕಾರಣವೂ ಇದೆ. ಭರಣಿ, ಕೃತ್ತಿಕೆಯ ಗುಡುಗು ಮಳೆಗೆ, ಆಲಿಕಲ್ಲಿಗೆ ಸಿಕ್ಕಿ ಎಳೆಯ ಪೈರು ನೆಲಕ್ಕೆ ಒರಗುತ್ತಿತ್ತು. ಮಳೆ ಹಿಂದೆಗೆದರೆ ಬಿಸಿಲಿಗೆ ಬಾಡುತ್ತಿತ್ತು. ಉಳಿದುದನ್ನು ಬುಡಕೊಳೆ ರೋಗ ಮುಗಿಸುತ್ತಿತ್ತು. ನರ್ಸರಿಯವರು ಈ ಮೂರು ತೊಂದರೆಗಳನ್ನೂ ಬಲೆ, ಹಲಗೆ, ತೆಂಗಿನ ನಾರಿನ ಪುಡಿಗಳ ಸಹಾಯದಿಂದ ತಪ್ಪಿಸಿದರು. ಆದುದರಿಂದ ರೈತನು ಪೈರು ಕೊಳ್ಳಲು ತೊಡಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಕೊಂಡು ತಂದ ಪೈರಿನಲ್ಲಿ ಒಂದು ಅಪಾಯವುಂಟು. ಟೊಮೇಟೊ ಬೆಳೆಯ ಎಲೆ ಮುರುಟು ರೋಗವನ್ನು ಹರಡುವುದು ಬಿಳಿ ನೊಣ. ಪೈರು ಇನ್ನೂ ಹಲಗೆಯಲ್ಲಿರುವಾಗಲೇ ಈ ನೊಣ ಕಚ್ಚಿದ್ದರೆ ನಾಟಿಯ ದಿನ ಗಿಡ ಹಸುರಾಗಿಯೇ ಕಾಣುತ್ತದೆ. ಎರಡು ಮೂರು ವಾರಗಳ ಮೇಲೆ ಎಲೆ ಮುರುಟಿ, ಗಿಡ ಗಿಡ್ಡವಾಗಿ, ಹೂವು ಉದುರತೊಡಗುತ್ತದೆ. ಅಷ್ಟು ಹೊತ್ತಿಗೆ ಉಳುಮೆ, ಗೊಬ್ಬರ, ಹನಿ ನೀರಾವರಿಯ ಪೈಪು, ಆಳುಗಳ ಕೂಲಿ ಎಲ್ಲಕ್ಕೂ ಹಣ ಹೋಗಿರುತ್ತದೆ. ಎಳೆಯದರಲ್ಲೇ ರೋಗ ತಗುಲಿದ ಗಿಡದಿಂದ ಹೆಚ್ಚು ಕಡಮೆ ಫಸಲೇ ಬರುವುದಿಲ್ಲ. ಆ ಮೇಲೆ ಯಾವ ಔಷಧ ಹೊಡೆದರೂ ಆ ಗಿಡ ಗುಣವಾಗುವುದಿಲ್ಲ. ಒಳ್ಳೆಯ ನರ್ಸರಿಗಳು ಎಷ್ಟೋ ಇವೆ. ಆದರೆ ಬಲೆ ಹರಿದಿದೆಯೇ ಎಂಬುದನ್ನು ಕೊಳ್ಳುವವನು ಪ್ರತಿದಿನ ಹೋಗಿ ನೋಡುವಂತಿಲ್ಲ. ತನ್ನ ಮನೆಯ ಜಗಲಿಯಲ್ಲಿ ಬೆಳೆದ ಪೈರನ್ನಾದರೆ ದಿನಕ್ಕೆ ಹತ್ತು ಸಲ ನೋಡಬಹುದು. ಅರ್ಧ ಎಕರೆಯೊಳಗಿನ ಬೆಳೆಗೆ, ಹಿತ್ತಲ ಕೈತೋಟಕ್ಕೆ ಮನೆಯಲ್ಲೇ ಪೈರು ಮಾಡಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ. ಐದಾರು ಎಕರೆ ನೆಡುವವರಿಗೆ ಇದು ಹೇಳಿದ್ದಲ್ಲ.

ಲೆಕ್ಕ ಮೊದಲು

ಹತ್ತು ಗುಂಟೆ ಟೊಮೇಟೊ ಎಂದಿಟ್ಟುಕೊಳ್ಳೋಣ. ಒಂದು ಗುಂಟೆಗೆ ೧,೦೮೯ ಚದರ ಅಡಿ. ಸಾಲಿನಿಂದ ಸಾಲಿಗೆ ೩ ಅಡಿ, ಗಿಡದಿಂದ ಗಿಡಕ್ಕೆ ೨ ಅಡಿ ಬಿಟ್ಟರೆ ಹತ್ತು ಗುಂಟೆಗೆ ಸುಮಾರು ೧,೮೧೫ ಗಿಡ ಬೇಕು. ಸತ್ತ ಗಿಡದ ಜಾಗಕ್ಕೆ ನೆಡಲೆಂದು ನೂರಕ್ಕೆ ಹತ್ತರಂತೆ ಸೇರಿಸಿದರೆ ೨,೦೦೦. ನೂರು ಬೀಜದಲ್ಲಿ ೮೫ ಮೊಳೆಯುವುದಾದರೆ ೨,೩೫೦ ಬೀಜ ಹಾಕಬೇಕು. ಒಂದು ಗ್ರಾಂ ಟೊಮೇಟೊ ಬೀಜದಲ್ಲಿ ಸುಮಾರು ೩೦೦ ಕಾಳುಗಳಿರುವುದರಿಂದ ಎಂಟು ಗ್ರಾಂ ಸಾಕು. ಅಂಗಡಿಯಲ್ಲಿ ಸಿಕ್ಕುವ ೧೦ ಗ್ರಾಂ ಪೊಟ್ಟಣ ಒಂದರಲ್ಲೇ ಕೆಲಸ ಆಗುತ್ತದೆ. ೯೮ ಕುಳಿಗಳ ಪ್ಲಾಸ್ಟಿಕ್ ಹಲಗೆ, ಅಂದರೆ ಪ್ರೋ ಟ್ರೇ, ೨೪ ಬೇಕಾಗುತ್ತದೆ. ಇಷ್ಟನ್ನೂ ಹರಡಲು ೧೨ ಅಡಿ ಉದ್ದ, ೪ ಅಡಿ ಅಗಲದ ಜಗಲಿ ಸಾಕು. ಪೈರೊಂದಕ್ಕೆ ಒಂದು ರೂಪಾಯಿ ಎಂದು ಹಿಡಿದರೂ ಎರಡು ಸಾವಿರ ರೂಪಾಯಿಯ ಪೈರು ಆ ಜಗಲಿಯ ಮೇಲಿರುತ್ತದೆ. ನಿಮ್ಮ ಊರಿನ ಈಗಿನ ಧಾರಣೆ ಹಾಕಿ, ಬೀಜದ ಬೆಲೆ ಕಳೆದು ನೋಡಿಕೊಳ್ಳಿ.

ಬೀಜದ ಪೊಟ್ಟಣದ ಮೇಲೆ ಮೊಳಕೆಯ ಪ್ರಮಾಣ, ಪರೀಕ್ಷೆ ಮಾಡಿದ ತಾರೀಖು, ವಾಯಿದೆ ಇರಲೇಬೇಕು. ೧೯೬೬ರ ಬೀಜ ಕಾಯಿದೆ ಇರುವುದೇ ಇದಕ್ಕಾಗಿ. ಟೊಮೇಟೊ ಮತ್ತು ಬದನೆಗೆ ನೂರಕ್ಕೆ ೭೦, ಮೆಣಸಿನಕಾಯಿಗೆ ೬೦ಕ್ಕಿಂತ ಕಡಮೆ ಮೊಳೆಯುವ ಬೀಜಕ್ಕೆ ಪ್ರಮಾಣಪತ್ರ ಸಿಕ್ಕುವುದಿಲ್ಲ. ರಸೀತಿ ಕೇಳಿ ಪಡೆದು, ಖಾಲಿ ಪೊಟ್ಟಣವನ್ನೂ ಅದರೊಡನೆ ಕೊಯ್ಲು ಮುಗಿಯುವವರೆಗೆ ಇಟ್ಟುಕೊಳ್ಳತಕ್ಕದ್ದು. ಮನೆಯ ಬೀಜವಾದರೆ ಇಪ್ಪತ್ತು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಒಲೆಯ ಪಕ್ಕದ ಗೂಡಿನಲ್ಲಿಟ್ಟು ಒಂದು ವಾರದ ಮೇಲೆ ಬಿಚ್ಚಿ ನೋಡಿ. ಹದಿನಾರು ಹದಿನೇಳು ಮೊಳೆತಿದ್ದರೆ ಬೀಜ ಒಳ್ಳೆಯದು. ಹತ್ತೇ ಮೊಳೆತಿದ್ದರೆ ಎರಡರಷ್ಟು ಹಾಕಬೇಕು, ಇಲ್ಲವೇ ಬೇರೆ ಬೀಜ ನೋಡಬೇಕು.

ಮನೆಯಲ್ಲೇ ಬೀಜ ತೆಗೆದಿಡುವ ಮಾತು ಬಂದುದರಿಂದ ಇಷ್ಟು ಹೇಳಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ವಿಕಾಸ್ ಟೊಮೇಟೊ ತಳಿಯಿಂದ ತೆಗೆದ ಬೀಜ ಮರುವರ್ಷವೂ ಅದೇ ಗುಣದ ಗಿಡ ಕೊಡುತ್ತದೆ. ಅವರದೇ ಅರ್ಕಾ ರಕ್ಷಕ್ ಮಿಶ್ರತಳಿ. ಅದರ ಬೀಜ ತೆಗೆದು ಬಿತ್ತಿದರೆ ಗಿಡಗಳು ಒಂದೊಂದು ಒಂದೊಂದು ತರಹ ಆಗುತ್ತವೆ. ಮಿಶ್ರತಳಿಯ ಬೀಜವನ್ನು ಪ್ರತಿ ಸಲ ಕೊಳ್ಳಲೇಬೇಕು. ಮೆಣಸಿನಕಾಯಿ ಹುಳುಗಳಿಂದ ಬೇಗ ಬೆರಕೆಯಾಗುವ ಜಾತಿ; ಪಕ್ಕದ ಹೊಲದಲ್ಲಿ ಬೇರೆ ತಳಿ ಇದ್ದರೆ ನಿಮ್ಮ ಬೀಜವನ್ನು ನೆಚ್ಚಬೇಡಿ.

ಮಣ್ಣು ಮತ್ತು ಪಾತ್ರೆ

ಪ್ರೋ ಟ್ರೇ ಮತ್ತು ತೆಂಗಿನ ನಾರಿನ ಪುಡಿ ಇದ್ದರೆ ಒಳ್ಳೆಯದೇ. ಜೋಪಾನವಾಗಿ ಹಿಡಿದರೆ ಒಂದು ಟ್ರೇ ಹಲವು ಸಲಕ್ಕೆ ಬರುತ್ತದೆ. ನಾರಿನ ಪುಡಿಯ ಇಟ್ಟಿಗೆಯನ್ನು ನೆನೆಸಿ, ಒಂದೆರಡು ನೀರು ಬಸಿದು ಉಪ್ಪಿನಂಶ ತೆಗೆದು ಉಪಯೋಗಿಸಬೇಕು. ತೋಟದಲ್ಲಿ ತೆಂಗಿನ ಮಟ್ಟೆ ಬಿದ್ದಿದೆಯೆಂದು ಹಸಿ ನಾರನ್ನೇ ಕುಟ್ಟಿ ತುಂಬಬಾರದು. ಹಸಿ ನಾರಿನ ಒಗರು ಬೇರಿಗೆ ಆಗದು. ಅದು ಚೆನ್ನಾಗಿ ಕೊಳೆತಿರಬೇಕು.

ಟ್ರೇ ಇಲ್ಲದವರು ಕೈಕಟ್ಟಿ ಕೂರಬೇಕಾಗಿಲ್ಲ. ಟೊಮೇಟೊ ಸಾಗಿಸುವ ಪ್ಲಾಸ್ಟಿಕ್ ಕ್ರೇಟು ನಮ್ಮ ಕಡೆ ಎಲ್ಲರ ಮನೆಯಲ್ಲೂ ಉಂಟು. ಅದರ ತಳಕ್ಕೂ ಪಕ್ಕಕ್ಕೂ ಗೋಣಿ ತಟ್ಟು ಹಾಸಿ. ಕ್ರೇಟು ಆಳವಾದುದರಿಂದ ತಳದಲ್ಲೇ ಮಣ್ಣು ಹಾಕಿ ಬಿತ್ತಿದರೆ ಅಂಚಿನ ನೆರಳು ಪೈರಿನ ಮೇಲೆ ಬೀಳುತ್ತದೆ. ಕೆಳಭಾಗವನ್ನು ತೆಂಗಿನ ಮಟ್ಟೆ, ಒಣ ಸೊಪ್ಪುಗಳಿಂದ ತುಂಬಿ, ಮೇಲೆ ನಾಲ್ಕು ಅಂಗುಲ ಮಣ್ಣು ಬರುವಂತೆ, ಬಾಯಿಗೆ ಎರಡು ಅಂಗುಲ ಮಾತ್ರ ಉಳಿಯುವಂತೆ ಏರಿಸಬೇಕು. ಎರಡು ಅಂಗುಲಕ್ಕೆ ಒಂದು ಗೀರು ಎಳೆದು, ಗೀರಿನಲ್ಲಿ ಅರ್ಧ ಅಂಗುಲಕ್ಕೆ ಒಂದು ಬೀಜ ಬಿಟ್ಟರೆ ಎರಡಡಿ ಉದ್ದ, ಒಂದಡಿ ಅಗಲದ ಜಾಗದಲ್ಲಿ ಸುಮಾರು ೨೫೦ ಪೈರು ಏಳುತ್ತದೆ. ಕೈತೋಟಕ್ಕೆ ಐವತ್ತು ಅರವತ್ತು ಗಿಡ ಸಾಕೆನ್ನುವವರಿಗೆ ಮುತ್ತುಗದ ಎಲೆಯ ದೊನ್ನೆ, ಬಾಳೆ ಪಟ್ಟೆ ಸುತ್ತಿ ನಾರಿನಿಂದ ಕಟ್ಟಿದ ಕುಡಿಕೆ, ತಳ ತೂತು ಮಾಡಿದ ತೆಂಗಿನ ಚಿಪ್ಪು ಇವೇ ಸಾಕು. ಹೀರೆ, ಸೋರೆ, ಪಡವಲ, ಕುಂಬಳಗಳಿಗೆ ದೊನ್ನೆಯೇ ಮೇಲು. ಅವುಗಳ ಬೇರನ್ನು ಕದಲಿಸಿದರೆ ಗಿಡ ಮುನಿಯುತ್ತದೆ. ದೊನ್ನೆ ಸಮೇತ ಗುಣಿಗೆ ಇಟ್ಟರೆ ಎಲೆ ತಾನೇ ಕರಗಿಹೋಗುತ್ತದೆ.

ಮಣ್ಣಿನ ವಿಷಯದಲ್ಲಿ ಮಾತ್ರ ಉಪೇಕ್ಷೆ ಸಲ್ಲದು. ನಮ್ಮ ಎರೆ ಹೊಲದ ಮಣ್ಣು ಪಾತ್ರೆಯಲ್ಲಿ ನೀರು ಹಿಡಿದು ಗಟ್ಟಿಯಾಗುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ, ಅದು ಬೇಡ. ಕೆಮ್ಮಣ್ಣು ಒಂದು ಮಂಕರಿ, ತೊಳೆದ ಮರಳು ಒಂದು ಮಂಕರಿ, ಚೆನ್ನಾಗಿ ಕಳಿತು ಪುಡಿಯಾದ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಮಂಕರಿ, ಮೂರನ್ನೂ ಜರಡಿ ಹಿಡಿದು ಬೆರೆಸಿ. ಟೊಮೇಟೊ, ಬದನೆ, ಮೆಣಸಿನಕಾಯಿ ಬೆಳೆದ ಹೊಲದ ಮಣ್ಣನ್ನು ತರಬಾರದು. ಆ ಬೆಳೆಗಳ ರೋಗ ಆ ಮಣ್ಣಿನಲ್ಲೇ ಇರುತ್ತದೆ.

ಬುಡಕೊಳೆ ರೋಗವೆಂದರೆ ಬೇರೇನಲ್ಲ. ಮಣ್ಣಿನಲ್ಲಿ ವಾಸಿಸುವ ಬೂಷ್ಟಿನ ಜಾತಿಯ ಜೀವಿಗಳು ತೇವ ಹೆಚ್ಚಾದೊಡನೆ ಎಳೆಯ ಕಾಂಡವನ್ನು ನೆಲಮಟ್ಟದಲ್ಲಿ ಕೊಳೆಸುತ್ತವೆ. ಸಂಜೆ ನೆಟ್ಟಗೆ ನಿಂತಿದ್ದ ಪೈರು ಬೆಳಗಾಗುವುದರೊಳಗೆ ನೂಲಿನಂತೆ ಸಣ್ಣಗಾಗಿ ಮಲಗಿರುತ್ತದೆ. ಮಲಗಿದುದನ್ನು ಎಬ್ಬಿಸುವ ಉಪಾಯವಿಲ್ಲ. ಬರದಂತೆ ಮಾಡುವ ಉಪಾಯವುಂಟು. ಬೆರೆಸಿದ ಮಣ್ಣನ್ನು ನೆನೆಸಿ, ಬಿಳಿಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಡಿ ತೆಳ್ಳಗೆ ಹರಡಿ, ಅಂಚನ್ನು ಮಣ್ಣಿನಿಂದ ಮುಚ್ಚಿ ಮಾರ್ಚಿ ಏಪ್ರಿಲ್ ಬಿಸಿಲಿನಲ್ಲಿ ನಾಲ್ಕು ವಾರ ಬಿಟ್ಟರೆ ಒಳಗಿನ ಕಾವಿಗೆ ಆ ಜೀವಿಗಳೂ ಕಳೆಯ ಬೀಜಗಳೂ ಬಹುಪಾಲು ಸಾಯುತ್ತವೆ. ಅಷ್ಟು ಕಾಲವಿಲ್ಲದಿದ್ದರೆ ಬಿತ್ತುವ ಎರಡು ದಿನ ಮೊದಲು ಕುದಿಯುವ ನೀರನ್ನು ಮಣ್ಣಿನ ಮೇಲೆ ಸುರಿದು, ಗೋಣಿ ಮುಚ್ಚಿ ಆರಲು ಬಿಡಿ. ಆರಿದ ಮೇಲೆ ಟ್ರೈಕೋಡರ್ಮ ಬೆರೆಸಿದ ಗೊಬ್ಬರ ಸೇರಿಸುವುದು ಇನ್ನೂ ಒಳ್ಳೆಯದು. ಬಿಸಿ ನೀರಿಗೆ ಮೊದಲೇ ಸೇರಿಸಿದರೆ ಟ್ರೈಕೋಡರ್ಮವೂ ಬೆಂದುಹೋಗುತ್ತದೆ.

ಕಾವು ಒಳಗೆ, ಬೆಳಕು ಹೊರಗೆ

ಮನೆಯಲ್ಲಿ ಪೈರು ಬೆಳೆಸುವವರು ತಿಳಿಯಬೇಕಾದ ಮುಖ್ಯ ವಿಷಯ ಇದು. ಬೀಜ ಮೊಳೆಯಲು ಬೇಕಾದದ್ದು ತೇವ ಮತ್ತು ಕಾವು. ಮೊಳೆತ ಗಿಡಕ್ಕೆ ಬೇಕಾದದ್ದು ಬೆಳಕು. ಮದುವೆ ಮನೆಯ ಪಾಲಿಕೆಗಳಲ್ಲಿ ನವಧಾನ್ಯ ಹಾಕಿ ಕೋಣೆಯೊಳಗಿಟ್ಟಾಗ ಮೊಳಕೆ ಎಷ್ಟು ಬೇಗ ಏಳುತ್ತದೆ, ಎಷ್ಟು ಉದ್ದ, ಎಷ್ಟು ಹಳದಿಯಾಗಿರುತ್ತದೆ ಎಂಬುದನ್ನು ಎಲ್ಲರೂ ನೋಡಿರುತ್ತೀರಿ. ಕತ್ತಲೆಯಲ್ಲಿ ಮೊಳಕೆ ಬೆಳಕನ್ನು ಹುಡುಕಿ ಉದ್ದವಾಗುತ್ತದೆ. ಬೀಜದೊಳಗಿನ ಬುತ್ತಿ ಮುಗಿಯುತ್ತಲೇ ಸೊರಗುತ್ತದೆ. ಶಾಸ್ತ್ರಕ್ಕೆ ಅಷ್ಟು ಸಾಕು, ಹೊಲಕ್ಕೆ ಸಾಲದು.

ಟೊಮೇಟೊ, ಮೆಣಸಿನಕಾಯಿಗಳು ಅಮೆರಿಕ ಖಂಡದ ಬೆಚ್ಚನೆಯ ಸೀಮೆಗಳಿಂದ ಬಂದವು. ಅವುಗಳ ಬೀಜಕ್ಕೆ ೨೫ರಿಂದ ೩೦ ಡಿಗ್ರಿ ಸೆಲ್ಸಿಯಸ್ ಕಾವು ಹಿತ. ಎಲೆಕೋಸು ಯೂರೋಪಿನ ಚಳಿಯ ಕಡೆಯದು. ತಂಪಿನಲ್ಲೂ ನಾಲ್ಕೈದು ದಿನಕ್ಕೆ ಏಳುತ್ತದೆ. ಮಾಗಿಯ ಕಾಲದಲ್ಲಿ, ಅದರಲ್ಲೂ ಗೋಪಾಲಸ್ವಾಮಿ ಬೆಟ್ಟದ ಕಡೆಯ ಊರುಗಳಲ್ಲಿ ರಾತ್ರಿಯ ಚಳಿಗೆ ಮೆಣಸಿನಕಾಯಿ ಬೀಜ ಎರಡು ವಾರವಾದರೂ ಏಳದಿರುವುದುಂಟು. ಬೀಜ ಕೆಟ್ಟದ್ದೆಂದು ಬೈಯುವ ಮೊದಲು ಅದನ್ನು ಅಡಿಗೆ ಮನೆಯ ಒಲೆಯ ಬದಿಗೆ ಇಡಿ. ಟ್ರೇಗಳಾದರೆ ಬೀಜ ಹಾಕಿ, ತೆಳುವಾಗಿ ಮುಚ್ಚಿ, ನೀರು ಚಿಮುಕಿಸಿ, ಹತ್ತು ಹತ್ತರಂತೆ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹಾಳೆ ಸುತ್ತಿ ಮನೆಯೊಳಗೆ ಇಡಬೇಕು. ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳಕ್ಕಿಂತ ಕೆಳಗೆ ಹಾಕಬಾರದು. ಟೊಮೇಟೊವನ್ನು ಮೂರನೆಯ ದಿನದಿಂದ, ಮೆಣಸಿನಕಾಯಿಯನ್ನು ಐದನೆಯ ದಿನದಿಂದ ಬೆಳಗೂ ಸಂಜೆಯೂ ಬಿಚ್ಚಿ ನೋಡಿ. ಅಲ್ಲಲ್ಲಿ ಬಿಳಿಯ ಕುಣಿಕೆ ಮೇಲೆದ್ದುದು ಕಂಡ ಕೂಡಲೇ ಅದೇ ದಿನ ಹೊರಗೆ ಹರಡಬೇಕು. ನಾಳೆ ನೋಡೋಣವೆಂದರೆ ಒಂದೇ ರಾತ್ರಿಯಲ್ಲಿ ಪೈರು ಅರ್ಧ ಬೆರಳುದ್ದ ಎಳೆದುಬಿಡುತ್ತದೆ. ಆ ಸೆಟೆದ ಕಾಂಡ ಮತ್ತೆ ಗಟ್ಟಿಯಾಗುವುದಿಲ್ಲ.

ಹೊರಗೆ ಎಂದರೆ ಜಗಲಿ, ಪಡಸಾಲೆಯ ಅಂಚು, ತೊಟ್ಟಿ ಮನೆಯಾದರೆ ತೊಟ್ಟಿಯ ಸುತ್ತು. ನಡುಮನೆ ನಮ್ಮ ಕಣ್ಣಿಗೆ ಬೆಳಕಾಗಿಯೇ ತೋರುತ್ತದೆ. ಆದರೆ ಅಲ್ಲಿರುವ ಬೆಳಕು ಬಯಲಿನ ಬಿಸಿಲಿನ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಗಿಡದ ಪಾಲಿಗೆ ಅದು ಕತ್ತಲೆ. ಕಿಟಕಿಯಿಂದ ಮೂರು ಮೊಳ ಒಳಗೆ ಇಟ್ಟ ಪೈರು ಕಿಟಕಿಯ ಕಡೆಗೇ ಬಾಗುತ್ತದೆ. ಜಗಲಿಯಲ್ಲಿ ಮೂಡಣ ಬಿಸಿಲು ಮೂರು ನಾಲ್ಕು ಗಂಟೆ ಬೀಳುವಂತಿದ್ದು, ನಡುಹಗಲಿನ ಉರಿಯೂ ಮಳೆಯ ಏಟೂ ತಪ್ಪುವಂತಿದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ದಿನವೂ ಟ್ರೇಯನ್ನು ತಿರುಗಿಸಿ ಇಡಬೇಕು.

ವಿದ್ಯುತ್ ದೀಪದ ಕೆಳಗೆ ಪೈರು ಬೆಳೆಸುವುದನ್ನು ಕೆಲವರು ಕೇಳುತ್ತಾರೆ. ಚಳಿಯ ದೇಶಗಳಲ್ಲಿ ಹಾಗೆ ಮಾಡುತ್ತಾರೆ, ಮಾಡಲೂ ಬಹುದು. ೨೦ ವಾಟಿನ ಎಲ್‌ಇಡಿ ಕೊಳವೆ ದೀಪವನ್ನು ಪೈರಿಗೆ ಒಂದು ಗೇಣಿನೊಳಗೆ ತೂಗುಹಾಕಿ ದಿನಕ್ಕೆ ೧೪ ಗಂಟೆ ಉರಿಸಿದರೆ ತಿಂಗಳಿಗೆ ಎಂಟೂವರೆ ಯೂನಿಟ್ಟಿನೊಳಗೆ ಆಗುತ್ತದೆ. ಆದರೆ ಒಂದು ದೀಪದಡಿ ಎರಡು ಟ್ರೇ ಹಿಡಿಸೀತು. ಸೂರ್ಯನು ಪುಕ್ಕಟೆಯಾಗಿ ಕೊಡುವ ಈ ಸೀಮೆಯಲ್ಲಿ ಅದರ ಅವಶ್ಯಕತೆ ನಮಗೆ ಕಾಣುವುದಿಲ್ಲ.

ಮನೆಯೊಳಗೇ ಪೈರು ಮಾಡುವುದು ಹೊಸ ಮಾತೂ ಅಲ್ಲ. ಫಿಲಿಪ್ಪೀನ್ಸ್ ದೇಶದ ರೈತರು ಬಾಳೆ ಎಲೆ ಹಾಸಿ, ಮಣ್ಣೇ ಇಲ್ಲದೆ ಮೊಳಕೆ ಭತ್ತ ಹರಡಿ ಎರಡು ವಾರದೊಳಗೆ ನಾಟಿಯ ಪೈರು ಮಾಡಿ ಚಾಪೆಯಂತೆ ಸುತ್ತಿ ಗದ್ದೆಗೆ ಒಯ್ಯುತ್ತಿದ್ದರು. ದಾಪೋಗ್ ಎಂಬ ಆ ಪದ್ಧತಿ ಭಾರತದ ಭತ್ತದ ಬೆಳೆಗಾರರಿಗೂ ಪರಿಚಯವಾಯಿತು. ನಮ್ಮ ಅರಿಸಿನಕ್ಕೂ ಈಗ ಇಂಥದೊಂದು ದಾರಿ ಇದೆ. ಐದಾರು ಗ್ರಾಂ ತೂಕದ, ಒಂದೇ ಕಣ್ಣುಳ್ಳ ಅರಿಸಿನದ ತುಂಡನ್ನು ಟ್ರೇಯಲ್ಲಿಟ್ಟು, ನೆರಳಿನಲ್ಲಿ ಒಂದು ತಿಂಗಳು ಮೇಲೆ ಕೆಲವು ದಿನ ಬೆಳೆಸಿ ನೆಟ್ಟರೆ, ಬಿತ್ತನೆ ಅರಿಸಿನ ವಾಡಿಕೆಯ ಸುಮಾರು ಮೂರನೇ ಒಂದು ಪಾಲಿನಲ್ಲಿ ಮುಗಿಯುತ್ತದೆ. ಎಕರೆಗೆ ಎಂಟು ಹತ್ತು ಕ್ವಿಂಟಾಲ್ ಗೆಡ್ಡೆ ಹೂಳುವವರು ಇದನ್ನು ಒಂದೆರಡು ಗುಂಟೆಯಲ್ಲಾದರೂ ಮಾಡಿ ನೋಡತಕ್ಕದ್ದು.

ನೀರು, ನೊಣ, ಕೋಳಿ

ಪೈರು ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಬೆಳಿಗ್ಗೆ ಒಂದು ಸಲ, ಬೇಸಗೆಯಾದರೆ ಮಧ್ಯಾಹ್ನ ಇನ್ನೊಂದು ಸಲ ಚಿಮುಕಿಸಿದರೆ ಸಾಕು. ಸಂಜೆ ಹಾಕಿದರೆ ರಾತ್ರಿಯೆಲ್ಲ ಎಲೆ ಒದ್ದೆಯಾಗಿರುತ್ತದೆ. ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದರೆ ಅದೇ ಪೂವಾಳಿ. ಬೋರ್‌ವೆಲ್ ನೀರು ಗಡಸಾಗಿರುವ ಊರುಗಳಲ್ಲಿ ಮಣ್ಣಿನ ಮೇಲೆ ಬಿಳಿಯ ಹೊಪ್ಪಳೆ ಕಟ್ಟುತ್ತದೆ. ಅಂಥ ಕಡೆ ಹೆಂಚಿನಿಂದ ಇಳಿದ ಮಳೆ ನೀರು ಹಿಡಿದಿಟ್ಟು ಉಪಯೋಗಿಸಿ. ಬರಿಯ ನಾರಿನ ಪುಡಿಯಲ್ಲಿ ಬೆಳೆದ ಪೈರಿಗೆ ಹನ್ನೆರಡನೆಯ ದಿನ, ಇಪ್ಪತ್ತನೆಯ ದಿನ ಲೀಟರಿಗೆ ೩ ಗ್ರಾಂ ನಂತೆ ೧೯:೧೯:೧೯ ಗೊಬ್ಬರ ಕರಗಿಸಿ ಕೊಡಬೇಕು. ಗೊಬ್ಬರ ಬೆರೆತ ಮಣ್ಣಿಗೆ ಅದು ಬೇಡ.

ಬಿಳಿ ನೊಣದ ಉದ್ದ ಸುಮಾರು ಒಂದು ಮಿಲಿಮೀಟರ್, ಮೈ ಅದಕ್ಕಿಂತಲೂ ಸಪುರ. ಮಂಚದ ಸೊಳ್ಳೆ ಪರದೆಯ ಕಣ್ಣಿನಲ್ಲಿ ಅದು ಸಲೀಸಾಗಿ ನುಸುಳುತ್ತದೆ. ಅಂಗುಲಕ್ಕೆ ೪೦ ಕಣ್ಣಿನ ನೈಲಾನ್ ಬಲೆ ತಂದರೆ ಉತ್ತಮ; ಹತ್ತು ಗುಂಟೆಯ ಪೈರಿಗೆ ಬೇಕಾಗುವುದು ಕೆಲವೇ ಮೀಟರ್. ಇಲ್ಲವಾದರೆ ಸವೆದ ತೆಳು ಬಿಳಿ ಪಂಚೆಯನ್ನು ಬಿದಿರು ದಬ್ಬೆಗಳ ಕಮಾನಿನ ಮೇಲೆ ಹೊದಿಸಿ, ಅಂಚಿಗೆ ಕಲ್ಲು ಇಡಿ. ಬಣ್ಣದ ಸೀರೆ ಬೆಳಕನ್ನು ತಿನ್ನುತ್ತದೆ. ಮೊಳಕೆ ಹೊರಗೆ ಬಂದ ದಿನದಿಂದ ನಾಟಿಯ ದಿನದವರೆಗೆ ಹೊದಿಕೆ ಇರಲೇಬೇಕು. ಮೂರು ದಿನ ತೆರೆದಿಟ್ಟರೂ ಪಟ್ಟ ಶ್ರಮವೆಲ್ಲ ವ್ಯರ್ಥ. ಕೋಳಿ, ಇಲಿಗಳಿಂದಲೂ ಇದೇ ಹೊದಿಕೆ ಕಾಪಾಡುತ್ತದೆ, ಆದರೂ ಕುಂಬಳದ ಬೀಜ ಹಾಕಿದ ದೊನ್ನೆಗಳನ್ನು ಇಲಿಯ ಕೈಗೆ ಎಟುಕದಂತೆ ಮೇಲೆ ಇಡುವುದು ಕ್ಷೇಮ.

ಒಂದು ಎಚ್ಚರಿಕೆ. ಕೆಂಪು, ನೀಲಿ, ಹಸುರು ಬಣ್ಣ ಬಳಿದ ಬೀಜಕ್ಕೆ ವಿಷದ ಔಷಧ ಹಚ್ಚಿರುತ್ತದೆ. ಬಿತ್ತನೆಯ ಕೆಲಸ ಮನೆಯಲ್ಲಿ ಸಾಮಾನ್ಯವಾಗಿ ಹೆಣ್ಣುಮಕ್ಕಳ ಕೈಯಲ್ಲಿ ನಡೆಯುವುದರಿಂದ ಅವರಿಗೆ ಇದನ್ನು ಓದಿ ಹೇಳಬೇಕು. ಕೈಯನ್ನು ಸೋಪಿನಿಂದ ತೊಳೆಯದೆ ಹಿಟ್ಟು ಮುಟ್ಟಬಾರದು, ಮಗುವಿಗೆ ಊಡಿಸಬಾರದು. ಉಳಿದ ಬೀಜವನ್ನು ಸಾಸಿವೆ ಜೀರಿಗೆಯ ಡಬ್ಬಿಗಳ ಸಾಲಿನಲ್ಲಿ ಇಡಬಾರದು, ಕೋಳಿಗೆ ಎಸೆಯಲೂ ಬಾರದು. ಇಂಥ ಬೀಜವನ್ನು ಬೀಜಾಮೃತದಲ್ಲಿಯೋ ನೀರಿನಲ್ಲಿಯೋ ನೆನೆಹಾಕಿದರೆ ಔಷಧ ತೊಳೆದುಹೋಗುತ್ತದೆ. ಆ ಉಪಚಾರ ಮನೆಯ ಬೀಜಕ್ಕೆ ಮಾತ್ರ.

ಹೊಲಕ್ಕೆ ಕಳುಹಿಸುವುದು

ಟೊಮೇಟೊ ಮತ್ತು ಎಲೆಕೋಸು ೨೫ರಿಂದ ೩೦ ದಿನಕ್ಕೆ, ಬದನೆ ೩೦ರಿಂದ ೩೫ಕ್ಕೆ, ಮೆಣಸಿನಕಾಯಿ ೩೫ರಿಂದ ೪೨ಕ್ಕೆ ನಾಟಿಗೆ ಬರುತ್ತದೆ. ನಾಟಿಯ ದಿನದಿಂದ ಹಿಂದಕ್ಕೆ ಎಣಿಸಿ ಬಿತ್ತಬೇಕು. ರೋಹಿಣಿ ಮಳೆಗೆ ಟೊಮೇಟೊ ನೆಡುವವರು ಭರಣಿ ಹುಟ್ಟುವ ಹೊತ್ತಿಗೆ ಬೀಜ ಹಾಕಿರಬೇಕು. ಮೆಣಸಿನಕಾಯಿಯಾದರೆ ಯುಗಾದಿ ಕಳೆದು ಅಶ್ವಿನಿಯಲ್ಲೇ. ಮಳೆ ತಡೆದು ಪೈರು ಬಲಿತುಹೋದರೆ ಟ್ರೇಯ ಕುಳಿಯಲ್ಲಿ ಬೇರು ಸುತ್ತಿಕೊಳ್ಳುತ್ತದೆ. ಆದುದರಿಂದ ನೀರಿನ ಅನುಕೂಲ ಇಲ್ಲದವರು ಎಲ್ಲವನ್ನೂ ಒಂದೇ ದಿನ ಬಿತ್ತದೆ, ಹತ್ತು ದಿನದ ಅಂತರದಲ್ಲಿ ಎರಡು ಕಂತು ಮಾಡುವುದು ಮೇಲು.

ಜಗಲಿಯ ಪೈರು ನೆರಳಿಗೆ ಒಗ್ಗಿದ ಪೈರು. ಅದನ್ನು ಒಮ್ಮೆಗೇ ಹೊಲದ ಬಿಸಿಲಿಗೆ ಇಟ್ಟರೆ ಎಲೆ ಸುಟ್ಟು ಬೆಳ್ಳಗಾಗುತ್ತದೆ. ನಾಟಿಗೆ ಎಂಟು ದಿನ ಇರುವಾಗ ನೀರನ್ನು ಕಡಮೆ ಮಾಡುತ್ತ, ಹೊದಿಕೆ ಸಮೇತ ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು, ಮೂರು ಗಂಟೆ ಎಂದು ಅಂಗಳದ ಬಿಸಿಲಿಗೆ ಅಭ್ಯಾಸ ಮಾಡಿಸಿ. ಕಾಂಡ ಗಟ್ಟಿಯಾಗಿ ಬುಡದಲ್ಲಿ ತುಸು ನೇರಳೆ ಬಣ್ಣ ತಿರುಗಿದರೆ ಪೈರು ಸಿದ್ಧ. ನಾಟಿಯನ್ನು ಇಳಿ ಹೊತ್ತಿನಲ್ಲಿ ಮಾಡಿ; ಹಿಂದಿನ ದಿನವೇ ಟ್ರೇಗೆ ಚೆನ್ನಾಗಿ ನೀರು ಕೊಟ್ಟಿದ್ದರೆ ಮಣ್ಣಿನ ಉಂಡೆ ಒಡೆಯದೆ ಬರುತ್ತದೆ. ಎಲೆ ಮುದುಡಿದುದು, ಬುಡ ಕಪ್ಪಾದುದು ಒಂದಿದ್ದರೂ ಕಿತ್ತು ಸುಡಬೇಕು, ಕನಿಕರ ಬೇಡ. ಸಂದೇಹ ಬಂದ ಪೈರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹರದನಹಳ್ಳಿ ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕು ತೋಟಗಾರಿಕೆ ಕಛೇರಿಗೋ ತೆಗೆದುಕೊಂಡು ಹೋಗಿ ತೋರಿಸಬಹುದು.

ಉಳಿದ ಇನ್ನೂರು ಪೈರನ್ನು ಅಂದೇ ಎಸೆಯದೆ ಹೊದಿಕೆಯಡಿಯಲ್ಲೇ ಇಟ್ಟಿರಿ. ಎಂಟನೆಯ ದಿನ ಹೊಲದಲ್ಲಿ ಸತ್ತ ಗಿಡದ ಜಾಗಕ್ಕೆ ಅವು ಬೇಕಾಗುತ್ತವೆ. ಖಾಲಿ ಟ್ರೇಗಳನ್ನು ತೊಳೆದು, ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಅಟ್ಟದ ಮೇಲೆ ಇಲಿ ಕಡಿಯದಂತೆ ಕವುಚಿ ಇಡತಕ್ಕದ್ದು. ಬಿಸಿಲಿನಲ್ಲಿ ಬಿಟ್ಟ ಟ್ರೇ ಒಂದೇ ಬೇಸಗೆಗೆ ಪೆಡಸಾಗಿ ಒಡೆಯುತ್ತದೆ.